ಎರಡೂವರೆಯ ಭೋಂಗಾ

ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಯ ಮೇಲಿರುವ ನೂಲಿನ ಗಿರಣಿಯಲ್ಲಿ ಮುಷ್ಕರ ಶುರುವಾಗಿ ಹನ್ನೊಂದು ದಿನವಾಗಿತ್ತು. ಮುನ್ನೂರು ಜನ ಗೇಟಿನ ಹೊರಗೆ ಕೂತಿದ್ದರು. ಒಳಗೆ ದುಡಿಯುತ್ತಿದ್ದವನು ಒಬ್ಬನೇ, ಭೋಂಗಾದ ಹುಲ್ಲಪ್ಪ. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಗುಂಡಿ ಒತ್ತಿ ಭೋಂಗಾ, ಅಂದರೆ ಗಿರಣಿಯ ಸೈರನ್ನು, ಕೂಗಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಅದು ಒಂದು ನಿಮಿಷ ಹಿಂದೆ ಮುಂದೆ ಆದದ್ದಿಲ್ಲ.

ಹಾಗಂತ ಅವನನ್ನು ಸಾವಕಾರನ ಚಮಚಾ ಅಂದುಕೊಳ್ಳಬೇಡಿ. ಅವನನ್ನು ಒಳಗೆ ಅಟ್ಟಿದವರು ಕಾರ್ಮಿಕ ಸಂಘದವರೇ. ಮೊದಲ ದಿನ ಅವನೂ ಬಾವುಟ ಹಿಡಿದು ಬಂದಾಗ ಅಧ್ಯಕ್ಷ ಜಹಾಂಗೀರ ಹೌಹಾರಿದ್ದ.

"ನೀನೂ ಬಂದ್ರ ಭೋಂಗಾ ಹೊಡಿಯಾವ್ರು ಯಾರು ಕಾಕಾ? ನಾವು ಯಾವಾಗ ಕುಂಡ್ರಬೇಕು, ಯಾವಾಗ ಏಳಬೇಕು, ಹೆಂಗ ತಿಳೀತೈತಿ?"

ಬಹುತೇಕರ ಕಿಸೆಯಲ್ಲಿ ಮೊಬೈಲಿತ್ತು, ಅದರಲ್ಲಿ ಗಡಿಯಾರವೂ ಇತ್ತು. ಆದರೆ ಮೂವತ್ತು ವರ್ಷ ಭೋಂಗಾಕ್ಕೆ ಎದ್ದು ಕೂತವರು ಮೊಬೈಲು ನೋಡಿ ಏಳುವುದೆಂದರೇನು, ಮರ್ಯಾದೆಯ ಪ್ರಶ್ನೆ. ಹುಲ್ಲಪ್ಪನಿಗೆ ಮುಷ್ಕರದಿಂದ ವಿನಾಯಿತಿ ಎಂದು ಠರಾವಾಯಿತು. ಅದೇ ಸಭೆಯಲ್ಲಿ ಇನ್ನೊಂದು ಠರಾವೂ ಪಾಸಾಯಿತು: ಒಳಗೆ ದುಡಿಯುವವರ ಜೊತೆ ಏಳರ ಭೋಂಗಾದಿಂದ ಐದರ ಭೋಂಗಾದವರೆಗೆ ಯಾರೂ ಮಾತಾಡಕೂಡದು. ಒಳಗೆ ಇರುವವನು ಹುಲ್ಲಪ್ಪ ಒಬ್ಬನೇ ಎಂಬುದು ಯಾರಿಗೂ ಹೊಳೆಯಲಿಲ್ಲ. ಆ ಠರಾವು ಮಂಡಿಸಿದವಳು ಅದೇ ಗಿರಣಿಯಲ್ಲಿ ದುಡಿಯುವ ಹುಚ್ಚವ್ವ, ಅವನ ಹೆಂಡತಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಐದರ ಭೋಂಗಾ ತನಕ. ಭೋಂಗಾ ನಿಂತದ್ದೇ ತಡ, ಹುಚ್ಚವ್ವ ಗೇಟಿಗೆ ಬಂದು "ನಡೀರಿ, ಮನಿಗೆ ಹೋಗೂಣು" ಅನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಇವನು ಹತ್ತು ತಾಸು ಕಾಯುತ್ತಿದ್ದ.

ಹನ್ನೊಂದನೆಯ ದಿನ ಹತ್ತು ಗಂಟೆಗೆ ಬಾದಾಮಿಯಿಂದ ಅಳಿಯ ಬೀರೇಶನ ಫೋನು ಬಂತು. ಮನೆಗೆಲ್ಲ ಇದ್ದದ್ದು ಅದೊಂದೇ ಫೋನು.

"ಮಾವಾರ, ಲಲಿತಾ ಹಡದಾಳ್ರಿ. ಹೆಣ್ಣು. ದಿನಾ ತುಂಬಿದ್ದಿಲ್ಲ, ರಕ್ತ ಭಾಳ ಹೋಗೇತಿ. ದವಾಖಾನ್ಯಾಗ ಅದೀವಿ. ಎಚ್ಚರಾದಾಗೊಮ್ಮೆ ಅವ್ವ ಬೇಕು ಅಂತಾಳ. ಅತ್ತಿನ್ನ ಕರಕೊಂಡ ಬರ್ರಿ."

ಹೆರಿಗೆಗೆ ಮಗಳನ್ನು ಮುಷ್ಕರ ಮುಗಿದ ಮೇಲೆ ತವರಿಗೆ ಕರೆತರುವುದು ಅಂತ ಹುಚ್ಚವ್ವನೇ ಹೇಳಿದ್ದಳು. ಕೂಸು ಯಾವ ಸಂಘದ ಮಾತು ಕೇಳುತ್ತದೆ?

ಹುಲ್ಲಪ್ಪ ಗೇಟಿಗೆ ಓಡಿ ಒದರಿದ. "ಏ ಹುಚ್ಚವ್ವಾ! ಲಲಿತಾ ಹಡದಾಳ..." ಅಷ್ಟರಲ್ಲಿ ಹುಚ್ಚವ್ವ ಬೆನ್ನು ತಿರುಗಿಸಿ ಎರಡೂ ಕಿವಿ ಮುಚ್ಚಿಕೊಂಡಳು. ಮುನ್ನೂರು ಗಂಟಲು ಘೋಷಣೆ ಶುರುಮಾಡಿದವು. ಚೀಟಿ ಬರೆದು ಎಸೆದರೆ ಜಹಾಂಗೀರ ಅದನ್ನು ಬಿಚ್ಚದೆ, ಕಣ್ಣಲ್ಲೇ ಕ್ಷಮೆ ಕೇಳುತ್ತ, ಹಿಂದಕ್ಕೆ ತೂರಿದ. ಚೀಟಿಯೂ ಮಾತೇ ಅಲ್ಲವೇ.

ಇನ್ನು ಐದರವರೆಗೆ ಕಾಯಬೇಕು ಅಂದುಕೊಂಡು ಹುಲ್ಲಪ್ಪ ಗುಂಡಿಯ ಮುಂದೆ ಕೂತ. ಬಾದಾಮಿಗೆ ಮೂರಕ್ಕೆ ಒಂದು ಬಸ್ಸು, ಆಮೇಲೆ ಆರಕ್ಕೆ. ಬೀರೇಶ ಮತ್ತೆರಡು ಸಲ ಫೋನು ಮಾಡಿದ. ಎರಡನೆಯ ಸಲ ಬರೀ ಅತ್ತ.

ಎರಡು ಗಂಟೆಗೆ ಸಾವಕಾರ ಸಂಗಯ್ಯ ಕಾರಿನಿಂದಿಳಿದು ನೆಟ್ಟಗೆ ಇವನ ಕೋಣೆಗೆ ಬಂದರು. ಮುಖ ಕೆಂಪಾಗಿತ್ತು.

"ಭೋಂಗಾ ನಂದು, ಕರೆಂಟು ನಂದು, ಮುಷ್ಕರ ಅವರದು! ಇವತ್ತ ಐದರ ಭೋಂಗಾ ಹೊಡದಿ ಅಂದ್ರ ನಾಳಿಂದ ನಿನಗ ಕೆಲಸಿಲ್ಲ. ಹೆಂಗ ಏಳ್ತಾರ ನಾನೂ ನೋಡ್ತೇನಿ."

ಹುಲ್ಲಪ್ಪ ಲೆಕ್ಕ ಹಾಕಿದ. ಐದರ ಭೋಂಗಾ ಇಲ್ಲವೆಂದರೆ ಜನ ಏಳುವುದಿಲ್ಲ. ಆರರ ಬಸ್ಸೂ ಹೋಗುತ್ತದೆ. ಆ ಹೆಂಗಸು ತನ್ನ ಠರಾವು ಹಿಡಿದುಕೊಂಡು ನಾಳೆ ನಾಡಿದ್ದರವರೆಗೂ ಬೆನ್ನು ತಿರುಗಿಸಿಯೇ ಕೂತಿರುತ್ತಾಳೆ. ಬಾದಾಮಿಯಲ್ಲಿ ಮಗಳು ಅವ್ವಾ ಅವ್ವಾ ಅನ್ನುತ್ತಿರುತ್ತಾಳೆ. ಅತ್ತ ದರಿ, ಇತ್ತ ಪುಲಿ.

ಸಾವಕಾರರು ಬೇಡ ಅಂದದ್ದು ಐದರ ಭೋಂಗಾ. ಈಗ ಗಂಟೆ ಎರಡೂವರೆ, ಮೂರರ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು; ಎರಡೂವರೆಯ ಭೋಂಗಾದ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಇಪ್ಪತ್ತೆರಡು ವರ್ಷದ ನಿಯತ್ತು ಕೈ ಹಿಡಿದು ಜಗ್ಗಿತು. ಹುಲ್ಲಪ್ಪ ಮನೆದೇವರು ಬೀರಪ್ಪನನ್ನು ನೆನೆದು, ಕಣ್ಣು ಮುಚ್ಚಿ, ಗುಂಡಿ ಒತ್ತಿದ.

ಊರು ಒಂದು ಕ್ಷಣ ತಬ್ಬಿಬ್ಬಾಯಿತು. ಆಮೇಲೆ ಭೋಂಗಾ ಸುಳ್ಳು ಹೇಳುವುದಿಲ್ಲ ಎಂದು ನಂಬಿ ತನ್ನ ಕೆಲಸಕ್ಕೆ ಹತ್ತಿತು. ಮುನ್ನೂರು ಜನ ಎದ್ದು ಚಾಪೆ ಸುತ್ತಿದರು. ಸಾಲೆಯ ಮಾಸ್ತರು ಮಕ್ಕಳನ್ನು ಬಿಟ್ಟರು. ಮೇಯಲು ಹೋಗಿದ್ದ ಎಮ್ಮೆಗಳು ಕೂಡ ಮನೆಯ ದಾರಿ ಹಿಡಿದವು.

ಒಳಗಿನಿಂದ ಸಾವಕಾರರು ಓಡಿಬಂದರು, ಹೊರಗಿನಿಂದ ಜಹಾಂಗೀರ. ಗೇಟಿನ ಎರಡೂ ಕಡೆ ನಿಂತು ಇಬ್ಬರೂ ಒಂದೇ ಉಸಿರಿಗೆ ಕೇಳಿದರು, ಹನ್ನೊಂದು ದಿನದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ: "ನೀ ಯಾರ ಕಡಿ?"

"ಬಾದಾಮಿ ಬಸ್ಸಿನ ಕಡಿ," ಅಂದ ಹುಲ್ಲಪ್ಪ.

ಸಾವಕಾರರು ಅಲ್ಲೇ ಅವನನ್ನು ಕೆಲಸದಿಂದ ತೆಗೆದರು, ಮುಷ್ಕರಕ್ಕೆ ಸೇರಿದ್ದಕ್ಕೆ. ಜಹಾಂಗೀರ ಅಲ್ಲೇ ಸಂಘದಿಂದ ತೆಗೆದ, ಮುಷ್ಕರ ಮುರಿದದ್ದಕ್ಕೆ. ಹುಲ್ಲಪ್ಪ ಎರಡಕ್ಕೂ ಹೂಂ ಅಂದ. ಅವನ ಕಣ್ಣು ಹುಚ್ಚವ್ವನ ಮೇಲಿತ್ತು.

ಅವಳು ಗೇಟಿನ ಸರಳು ಹಿಡಿದು ನಿಂತಿದ್ದಳು. ಸೆರಗೆಲ್ಲ ತೊಯ್ದಿತ್ತು. ಅಷ್ಟೊಂದು ಅತ್ತದ್ದು ಬೆನ್ನು ತಿರುಗಿಸಿ ಕೂತವಳನ್ನು ನೋಡಿದವರಿಗೆ ಗೊತ್ತೇ ಆಗಿರಲಿಲ್ಲ.

"ಲಲಿತಾ ಹಡದಾಳ ಅಂದದ್ದಷ್ಟ ಕೇಳಿಸ್ತ್ರಿ. ಆಮ್ಯಾಲ ಕಿವಿ ಮುಚ್ಚಿಕೊಂಡ್ನಿ. ನಾಕೂವರಿ ತಾಸಾತು. ನನ್ನ ಮಗಳು ಅದಾಳೇನ್ರಿ?"

"ಅದಾಳ. ನಿನ್ನ ಕರೀಲಿಕ್ಕ ಹತ್ತ್ಯಾಳ."

ಹುಚ್ಚವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಡೀರಿ," ಅಂದಳು. ಮನೆಗೆ ಅನ್ನಲಿಲ್ಲ. ಇಬ್ಬರೂ ಬಸ್ಸಿಗೆ ಓಡಿದರು.