ಸೀಟಿಗೂ ಒಂದು ಎಣ್ಣೆಸ್ನಾನ

ಜ್ಯೇಷ್ಠದ ಮಳೆ ಆ ಬೆಳಿಗ್ಗೆ ಬಿಡುವು ಕೊಟ್ಟಿತ್ತು. ಉಪ್ಪುಂದದ ಮನೆಯಂಗಳದಲ್ಲಿ ಚೊಕ್ಕ ಬಿಸಿಲು. ಜಿತೇಂದ್ರನ ಮುಖ ಮಾತ್ರ ಬಾಡಿತ್ತು. ನೆರೆಮನೆಯ ಗಣಪಯ್ಯ ಮಾಷ್ಟ್ರ ಕಾರು ಕೇಳಿ ಪಡೆದು, ಹಿಂದಿನ ದಿನ ಅಮ್ಮ ವನಜಳನ್ನು ಆನೆಗುಡ್ಡೆಯ ದೇವಸ್ಥಾನಕ್ಕೆ ಕರೆದೊಯ್ದಿದ್ದ. ಬರುವಾಗ ದಾರಿಯಲ್ಲಿ ಚಿಕ್ಕಮ್ಮನ ಮನೆ ಹೊಕ್ಕು, ಆಕೆ ಆಗಷ್ಟೇ ಮರದಿಂದ ಕೊಯ್ದು ಕೊಟ್ಟ ಹಲಸಿನ ಹಣ್ಣನ್ನು ಹಿಂದಿನ ಸೀಟಿನ ಮೇಲೇ ಇಟ್ಟುಬಿಟ್ಟಿದ್ದ. ಸೀಟಿನ ಬಟ್ಟೆಗೆ ಅದರ ತೊಟ್ಟಿನ ಮೇಣ ಅಂಟಿತ್ತು. ಮಧ್ಯಾಹ್ನ ಮಾಷ್ಟ್ರು ಅದೇ ಸೀಟಿನಲ್ಲಿ ಮಗಳನ್ನೂ ಹಸುಗೂಸನ್ನೂ ಆಸ್ಪತ್ರೆಯಿಂದ ಮನೆಗೆ ಕರೆತರಬೇಕಿತ್ತು.

ಸಾಬೂನು ನೀರಿನಲ್ಲಿ ತಿಕ್ಕಿದಷ್ಟೂ ಮೇಣ ಹರಡಿತು.

“ಹಲ್ಸಿನ ಹಣ್ಣ್ ಕೊಯ್ವತಿಗೆ ಕೈಗೆ ಎಂತ ಹಚ್ಕಂತೆ ಮಗಾ?” ವನಜ ನಕ್ಕಳು. “ಸೀಟಿಗೂ ಅದೇ ಮದ್ದ್.”

ತೆಂಗಿನೆಣ್ಣೆ ಹಚ್ಚಿ ಮೆಲ್ಲಗೆ ಉಜ್ಜಿದಾಗ ಮೇಣ ಉಂಡೆಯಾಗಿ ಎದ್ದುಬಂತು. ಎಣ್ಣೆ ಹೀರಲೆಂದು ಕಡಲೆಹಿಟ್ಟು ಉದುರಿಸಿ, ಕೊಡವಿ, ಅಂಟುವಾಳದ ನೊರೆಯಿಂದ ಒರೆಸಿ, ದೇವರ ಹೆಸರು ಹೇಳಿ ಬಿಸಿಲಿಗೆ ಬಿಟ್ಟರು.

ಮಾಷ್ಟ್ರು ಬಂದು ಮೂಗರಳಿಸಿದರು. “ಹ್ವಾಯ್, ಕಾರಲ್ಲ್ ಎಂತ ಬಾಣಂತಿ ಕೋಣೆ ಪರಿಮಳ?”

“ನಿಮ್ಮ್ ಸೀಟ್ ಹಲ್ಸಿನ ಮೇಣ ಮೆತ್ತಿಸ್ಕಂಡ್ ಬಂದಿತ್ ಮಾಷ್ಟ್ರೇ,” ಎಂದಳು ವನಜ. “ಶಿಶು ಬಪ್ಪ ಕಾರಲ್ದಾ, ಎಣ್ಣಿ ಹಚ್ಚಿ ಮೀಯ್ಸಿದೆ.”

ಮಾಷ್ಟ್ರು ಸೀಟನ್ನು ಸವರಿ ನೋಡಿ ಹೊಟ್ಟೆ ಹಿಡಿದು ನಕ್ಕರು. ಜಿತೇಂದ್ರ ಎರಡೂ ಕೈಯಿಂದ ಕೀಲಿಯನ್ನು ಅವರ ಅಂಗೈಯಲ್ಲಿಟ್ಟ.