ಯಾರ ಮಗ ಈ ಹುಳ?

ಕಾಲುವೆ ನೀರು ಬಂದ ಮೇಲೆ ಕಕ್ಕೇರಾ ಕಡೆಯ ಹೊಲಗಳಲ್ಲಿ ಚಳಿಗಾಲ ಮುಗಿದರೂ ಹಸಿರು ಇರುತ್ತದೆ. ಹಸಿರಿದ್ದಲ್ಲಿಗೆ ಗಿಡದ ರಸ ಹೀರುವ ಹೇನೂ ಬರುತ್ತದೆ. ಮರಿಲಿಂಗಪ್ಪನ ಅಲಸಂದಿಗೂ ಬಂತು. ಎಳೆ ಕುಡಿಗಳಿಗೆಲ್ಲ ಕರಿ ಹೇನು ಮುತ್ತಿತ್ತು.

ಆ ಅಲಸಂದಿಯ ಮೇಲೆ ಮಗಳು ಸುಂದ್ರಮ್ಮನ ಕಣ್ಣಿತ್ತು. ಕುಬಸದ ಶಾಸ್ತ್ರಕ್ಕೆಂದು ತವರಿಗೆ ಬಂದ ಬಸುರಿ. ಹಸಿ ಕಾಯಿ ಬಿಟ್ಟರೆ ಬೇರೇನೂ ಬಾಯಿಗೆ ಸೇರುತ್ತಿರಲಿಲ್ಲ.

ಹೇನಿನ ನಡುವೆ ಕಾಲಿಲ್ಲದ ಹಸಿರು ಹುಳಗಳಿದ್ದವು. ಹೂವಿನ ಮೇಲೆ ಹಳದಿ ಪಟ್ಟಿಯ ನೊಣಗಳು ಹಾರುತ್ತಿದ್ದವು. ಮರಿಲಿಂಗಪ್ಪನ ಲೆಕ್ಕದಲ್ಲಿ ಎಲ್ಲವೂ ಒಂದೇ ಕಳ್ಳರ ಗುಂಪು. ನಮ್ಮ ಕಡೆ ಹುಳ ಕಂಡರೆ ಕೈ ಮೊದಲು ಸಿಂಪಡಿಸುವ ಪಂಪಿಗೇ ಹೋಗುತ್ತದೆ. ವಿಷಕ್ಕೆ ‘ಎಣ್ಣಿ’ ಎಂದು ಹೆಸರಿಟ್ಟುಕೊಂಡಿದ್ದೇವೆ, ಒಗ್ಗರಣೆಗೆ ಹಾಕುವವರ ಹಾಗೆ.

“ಇವತ್ತ ಎಣ್ಣಿ ಹೊಡೀತೀನಿ,” ಎಂದ.

“ಎಣ್ಣಿ ಹೊಡದ್ರ ನಾ ಕಾಯಿ ಹ್ಯಾಂಗ ತಿನ್ಲಿ ಯಪ್ಪಾ?” ಎಂದಳು ಸುಂದ್ರಮ್ಮ.

“ಹೊಡೀಲಿಲ್ಲಂದ್ರ ಹುಳಾನೇ ತಿಂತದ.”

ರೈತರಿಗೆ ಬೆಳೆಯ ಸಲಹೆ ಕೊಡುವ ಊರಿನ ಕೃಷಿ ಸಖಿ ಖುರ್ಷೀದಬೇಗಂ ಬದುವಿನ ಮೇಲೆ ಹೊರಟಿದ್ದಳು. ಅವನ ಹೆಗಲ ಪಂಪು ಕಂಡು ನಿಂತಳು.

“ಕಾಕಾ, ಊರಾಗ ಹೊಸ ಹುಡುಗ ಕಂಡ್ರ ಏನ್ ಕೇಳ್ತೀರಿ?”

“ಯಾರ ಮಗ ಅಂತ ಕೇಳ್ತೀನಿ.”

“ಈ ಹುಳ ಯಾರ ಮಗ ಅಂತ ಕೇಳೀರೇನ್ರಿ?”

“ಹುಳಕ್ಕ ಅಪ್ಪ ಅವ್ವ ಎಲ್ಲಿಂದ ಬರಬೇಕವ್ವ!”

“ಅವ್ವ ಅಲ್ಲೇ ಅದಾಳ, ನೋಡ್ರಿ.” ಹೂವಿನ ಮೇಲೆ, ಗಾಳಿಯಲ್ಲಿ ಅಲುಗದೆ ನಿಂತಿದ್ದ ನೊಣವನ್ನು ತೋರಿಸಿದಳು. “ಸಿರ್ಫಿಡ್ ನೊಣ ಅಂತಾರ್ರಿ. ಚಳಿ ಹೋಗಿ ಬಿಸಿಲು ಏರೋ ಮುಂದ ಭಾಳ ಕಾಣ್ತಾವ.”

“ಅದು ಜೇನಲ್ಲೇನು? ಕಡೀತದ.”

“ಜೇನಿಗೆ ನಾಕು ರೆಕ್ಕಿ, ಇದಕ್ಕ ಎರಡೇ. ಕಣ್ಣು ದೊಡ್ಡವು, ಮೀಸಿ ಗಿಡ್ಡ. ಕಡಿಯಂಗಿಲ್ರಿ. ಹೇನಿನ ನಡುವ ತತ್ತಿ ಇಡ್ತದ. ತತ್ತಿ ಒಡದು ಬರೋ ಮಗನೇ ಈ ಹುಳ.”

“ಬರೇ ಮಾತು. ಮಗ ಏನ್ ತಿಂತಾನ ಹೇಳು.”

ಖುರ್ಷೀದ ಹುಳವಿದ್ದ ಕುಡಿಯೊಂದನ್ನು ಚಿವುಟಿ ಅವನ ಅಂಗೈಯಲ್ಲಿಟ್ಟಳು. ಹುಳ ತಲೆ ಆಡಿಸಿ ತಡಕಾಡಿತು. ಒಂದು ಹೇನನ್ನು ಕಚ್ಚಿ ಮೇಲೆತ್ತಿತು, ಹೀರಿತು, ಬರೀ ಸಿಪ್ಪೆ ಬಿಸಾಕಿತು. ಮತ್ತೆ ಪಕ್ಕದ ಹೇನಿಗೆ ಬಾಯಿ ಹಾಕಿತು.

“ಅಯ್ಯ ಇವನ! ಎಲಿ ಮುಟ್ಟವಲ್ಲ,” ಎಂದ ಮರಿಲಿಂಗಪ್ಪ. “ನಾ ನಮ್ಮ ಆಳಿಗೇ ವಿಷ ಹಾಕಾಕತ್ತಿದ್ದೆ.”

“ಹುಳ ಇಲ್ಲದ ಕುಡಿಯಾಗ ಹೇನು ತುಂಬಿದ್ರ ಚಿವುಟಿ ಹಾಕ್ರಿ. ಅಷ್ಟು ಮಾಡಿದ್ರೂ ಹೆಚ್ಚಾದ್ರ ನನಗ ಹೇಳಿ ಕಳಿಸ್ರಿ.”

ಅವನು ಕುಡಿಯನ್ನು ಜೋಪಾನವಾಗಿ ಬಳ್ಳಿಗೆ ಸಿಕ್ಕಿಸಿ, ಎಣ್ಣಿ ಡಬ್ಬಿಯ ಮುಚ್ಚಳ ಬಿಗಿದ. ಕೆಲವು ದಿನಗಳಲ್ಲಿ ಹೇನು ಇಳಿಯಿತು, ಕಾಯಿ ಇಳಿಬಿದ್ದವು. ಸುಂದ್ರಮ್ಮ ಉಡಿ ತುಂಬ ಬಿಡಿಸಿಕೊಂಡು, ಕಾಲುವೆ ಬದಿಗೆ ಕೂತು ಹೊಟ್ಟೆ ತುಂಬ ತಿಂದಳು. ಅಪ್ಪ ಖುಷಿಯಿಂದ ಇನ್ನೊಂದು ಹಿಡಿ ಬಿಡಿಸಿ ಅವಳ ಉಡಿಗೆ ಹಾಕಿದ.

ಓದಿದವರೇ, ಕೇಳಿದವರೇ, ನಿಮ್ಮ ಹೊಲದಲ್ಲೂ ಈಗ ಈ ನೊಣ ಬಂದಿರಬೇಕು. ಡಬ್ಬಿ ತೆರೆಯುವ ಮೊದಲು ಒಮ್ಮೆ ಬಗ್ಗಿ ನೋಡಿ. ಊರಿನ ಹುಡುಗನನ್ನು ಯಾರ ಮಗ ಎಂದು ಕೇಳದೆ ನಾವು ಹೊಡೆಯುವುದಿಲ್ಲ. ಹುಳವನ್ನೂ ಕೇಳದೆ ಹೊಡೆಯಬೇಡಿ.