ಹನ್ನೊಂದನೆಯ ಪ್ರಶ್ನೆ

ಮನೋರೋಗ ವಾರ್ಡಿನಲ್ಲಿ ನಮ್ಮ ಪೋಸ್ಟಿಂಗ್ ಶುರುವಾಗುವ ಹಿಂದಿನ ವಾರ ನರ್ಸಿಂಗ್ ಕಾಲೇಜಿನ ನಮ್ಮ ಮೇಡಂ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಅದರಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ನಿದ್ದೆ, ಹಸಿವು, ಕೆಲಸದಲ್ಲಿ ಗಮನ, ಯಾರೂ ಇಲ್ಲದಾಗ ದನಿ ಕೇಳಿಸುತ್ತದೆಯೇ, ಹೀಗೆ. ಕೊನೆಯದು, ಸಾಯಬೇಕು ಅನಿಸುತ್ತದೆಯೇ ಎಂಬುದು.

"ಅದನ್ನ ಕೇಳಿದ್ರೆ ಇಲ್ಲದ ಯೋಚನೆ ನಾವೇ ತಲೆಗೆ ತುಂಬಿದ ಹಾಗಾಗಲ್ವಾ ಮೇಡಂ?" ಎಂದು ಹಿಂದಿನ ಬೆಂಚಿನವಳೊಬ್ಬಳು ಕೇಳಿದಳು.

"ಆಗಲ್ಲ. ಎಷ್ಟೋ ಜನಕ್ಕೆ ಯಾರಾದ್ರೂ ಕೇಳಿದ್ರೆ ಸಾಕಾಗಿರುತ್ತೆ. ಉತ್ತರ 'ಇಲ್ಲ' ಅಂತ ನಿಮಗೆ ಖಾತ್ರಿ ಇದ್ರೂ ಕೇಳಿ."

ನಾನು ಆ ಮಾತನ್ನು ಹಾಗೆಯೇ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಪರೀಕ್ಷೆಗೆ ಬರಬಹುದು ಎನಿಸಿತ್ತು.

ಅಭ್ಯಾಸಕ್ಕೆ ಒಬ್ಬ ರೋಗಿ ಬೇಕಿತ್ತು. ಹಾಸ್ಟೆಲಿನವರು ಒಬ್ಬರನ್ನೊಬ್ಬರು ಕೂರಿಸಿಕೊಂಡರು. ಮನೆಯಿಂದ ಓಡಾಡುವ ನನಗೆ ಅಕ್ಕ ಸಿಕ್ಕಳು. ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತಾಳೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ. ಅಲ್ಲಿಂದಾಚೆಗೆ ನನ್ನ ಜಡೆ, ನನ್ನ ಜ್ವರ, ನನ್ನ ಹಟ ಎಲ್ಲ ಅವಳ ಪಾಲಿಗೆ ಬಂದವು.

ಭಾನುವಾರ ಬೆಳಗ್ಗೆ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಅಪ್ಪ ಹೊರಗಿನ ಕೋಣೆಯಲ್ಲಿ ಕೆಟ್ಟ ಫ್ಯಾನನ್ನು ಬಿಚ್ಚಿ ಹರಡಿಕೊಂಡಿದ್ದರು. ನಾನು ಹಾಳೆ ಹಿಡಿದು ಬಂದೆ.

"ಡಾಕ್ಟ್ರಮ್ಮ ಬಂದ್ರು, ದಾರಿ ಬಿಡ್ರಪ್ಪಾ," ಎಂದಳು ಅಕ್ಕ.

"ಡಾಕ್ಟರ್ ಅಲ್ಲ, ನರ್ಸು. ನೀನು ಖಿನ್ನತೆಯ ರೋಗಿ. ಸರಿಯಾಗಿ ಮಾಡು, ಮಧ್ಯದಲ್ಲಿ ನಗಬೇಡ."

"ನಗು ಬಂದ್ರೆ ತಾನೆ."

ನಿದ್ದೆ ಹೇಗಿದೆ ಎಂದು ಕೇಳಿದೆ.

"ಮೂರು ಗಂಟೆಗೆ ಎಚ್ಚರ ಆಗುತ್ತೆ. ಆಮೇಲೆ ಬೆಳಗಾಗೋದನ್ನ ಕಾಯೋದು. ಬೆಳಗಾದ್ರೆ, ಯಾಕಾದ್ರೂ ಆಯ್ತೋ ಅನ್ಸುತ್ತೆ."

"ಕೆಲಸದಲ್ಲಿ ಗಮನ?"

"ಫ್ರೇಮಿನ ಸ್ಕ್ರೂ ಇರುತ್ತಲ್ಲ, ಸಾಸಿವೆ ಕಾಳಿನಷ್ಟು, ಅದು ಕೈಯಿಂದ ಜಾರಿ ಬೀಳುತ್ತೆ. ಮೊದಲೆಲ್ಲ ಬಗ್ಗಿ ಹುಡುಕ್ತಿದ್ದೆ. ಈಗ ಬಿದ್ದ ಕಡೆ ನೋಡ್ಕೊಂಡು ಸುಮ್ನೆ ಕೂತಿರ್ತೀನಿ. ಗಿರಾಕಿ ಎದುರಿಗೇ ನಿಂತಿರ್ತಾರೆ."

"ಅಬ್ಬಾ! ಎಲ್ಲಿಂದ ತರ್ತೀಯೆ ಇದನ್ನೆಲ್ಲ? ನಾಟಕಕ್ಕೆ ಸೇರಬೇಕಿತ್ತು ನೀನು," ಎಂದು ನಾನು ಚಪ್ಪಾಳೆ ತಟ್ಟಿದೆ. ಅವಳು ತಲೆ ಎತ್ತಲಿಲ್ಲ. ನನಗೆ ಬರೆಯುವ ಆತುರ.

"ನಿಮ್ಮ ಬಗ್ಗೆ ನಿಮಗೆ ಏನನ್ಸುತ್ತೆ?"

"ನಿಮಗೆಲ್ಲ ಭಾರ ಆಗಿದೀನಿ ಅನ್ಸುತ್ತೆ."

"'ನಿಮಗೆಲ್ಲ' ಅಲ್ಲ ಅಕ್ಕಾ, 'ಮನೆಯವರಿಗೆ' ಅನ್ನು. ನೀನು ರೋಗಿ, ನಾನು ಹೊರಗಿನವಳು."

"ಮನೆಯವರಿಗೆ," ಎಂದಳು ಅಕ್ಕ.

ಹೀಗೆ ಹತ್ತು ಮುಗಿದವು. "ಇನ್ನು ಕೊನೇದು, ಸಾಯೋ ವಿಚಾರ," ಎಂದು ನಾನು ಹಾಳೆ ತಿರುಗಿಸಿದ್ದೇ ತಡ, ಹೊರಗಿನಿಂದ ಅಪ್ಪ ಗದರಿದರು. "ಏಯ್, ಬಿಡ್ತು ಅನ್ನು! ಒಡಹುಟ್ಟಿದವಳನ್ನ ಕೇಳೋ ಮಾತಾ ಅದು?"

ನನಗೂ ಹಾಗೇ ಅನಿಸಿತು. ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡೆ. "ಹೋಗ್ಲಿ ಬಿಡು. ಅದನ್ನ ನಿನ್ನ ಹತ್ರ ಏನು ಕೇಳೋದು," ಎಂದು ನಕ್ಕೆ.

ಅಕ್ಕನ ಕೈ ನಿಂತಿತ್ತು. "ಮುಗೀತಾ?" ಎಂದಳು.

"ಮುಗೀತು."

"ಅಷ್ಟೇನಾ?"

"ಅಷ್ಟೇ ಕಣೆ. ಚಿನ್ನದಂಥ ರೋಗಿ ನೀನು."

ಹನ್ನೊಂದನೆಯ ಪ್ರಶ್ನೆಯ ಎದುರು 'ಇಲ್ಲ' ಎಂದು ನಾನೇ ಬರೆದೆ. ಖಾಲಿ ಬಿಟ್ಟರೆ ಅಂಕ ಹೋಗುತ್ತಿತ್ತು.

ಮೇಡಂ ಆ ಹಾಳೆಯನ್ನು ಎರಡು ಸಲ ಓದಿದರು. "ಯಾರು ಇವರು?" ಎಂದು ಕೇಳಿದರು.

"ನಮ್ಮಕ್ಕ ಮೇಡಂ. ಸುಮ್ನೆ ಅಭ್ಯಾಸಕ್ಕೆ."

"ಚೆನ್ನಾಗಿದಾರೆ ತಾನೆ?"

"ಅಯ್ಯೋ, ಚೆನ್ನಾಗಿದಾಳೆ ಮೇಡಂ. ಮೊದಲಿಂದಲೂ ತಮಾಷೆಯವಳು."

ನನಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು.

ಆ ಭಾನುವಾರದಿಂದ ಹದಿನಾರನೆಯ ದಿನ ಮಧ್ಯಾಹ್ನ ಅಕ್ಕ ಅಂಗಡಿಯಿಂದ ಬೇಗ ಮನೆಗೆ ಬಂದು ಮಾತ್ರೆ ನುಂಗಿದಳು. ಮೇಲಿನ ಮನೆಯವರು ಉಪ್ಪು ಕೇಳಲು ಬಂದದ್ದರಿಂದ ಉಳಿದಳು. ನಾಲ್ಕು ದಿನ ತುರ್ತು ಚಿಕಿತ್ಸೆಯ ವಾರ್ಡಿನಲ್ಲಿದ್ದು, ಐದನೆಯ ದಿನ ನಾನು ಪೋಸ್ಟಿಂಗ್ ಮಾಡುತ್ತಿದ್ದ ವಾರ್ಡಿಗೇ ಬಂದಳು. ಆ ನಾಲ್ಕು ದಿನದಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ನೀರು ಕೊಟ್ಟರೆ ಕುಡಿದಳು. ನಾನು ಕೈ ಹಿಡಿದರೆ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಮೇಡಂ ತಾವೇ ಅಕ್ಕನ ಎದುರು ವಿವರ ಬರೆದುಕೊಳ್ಳಲು ಕೂತರು. ಆವತ್ತು ನಾನು ಸಮವಸ್ತ್ರ ಹಾಕಿರಲಿಲ್ಲ; ಅಪ್ಪನ ಪಕ್ಕದ ಕುರ್ಚಿಯಲ್ಲಿ, ರೋಗಿಯ ಕಡೆಯವಳಾಗಿ ಕೂತಿದ್ದೆ.

"ಯಾವಾಗಿನಿಂದ ಹೀಗಿದಾರೆ?"

"ಚೆನ್ನಾಗೇ ಇದ್ಲಮ್ಮಾ," ಎಂದರು ಅಪ್ಪ. "ಹಿಂದಿನ ದಿನ ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಟಿದಾಳೆ. ನಮಗೆ ಒಂಚೂರೂ ಸುಳಿವು ಸಿಗಲಿಲ್ಲ."

ಮೇಡಂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತೇನೋ. ಅಪ್ಪನ ಉತ್ತರವೇ ಕಾಗದದ ಮೇಲೆ ಉಳಿಯಲು ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಔಷಧಿ ಕೊಡುವವರಿಗೆ ಎಷ್ಟು ದಿನದ ಕಾಯಿಲೆ ಎಂದು ತಿಳಿಯಬೇಕು. ಅಷ್ಟನ್ನು ಕಲಿತಿದ್ದೆ.

"ಮೂರು ವಾರದ ಹಿಂದೇನೇ ಇತ್ತು ಮೇಡಂ. ನನ್ನ ಹತ್ರ ಎಲ್ಲ ಹೇಳಿದ್ಲು. ನಿದ್ದೆ, ಕೆಲಸ, ಎಲ್ಲ. ಕೊನೇ ಪ್ರಶ್ನೆ ನಾನು ಕೇಳಲಿಲ್ಲ. 'ಇಲ್ಲ' ಅಂತ ಬರೆದಿದ್ದು ನಾನು."

ಅಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

ಆಗ ಅಕ್ಕ ಮಾತಾಡಿದಳು. ಗಂಟಲು ಒಣಗಿತ್ತು, ಮಾತು ಒಡೆದೊಡೆದು ಬಂತು.

"ಅವಳನ್ನ ಏನೂ ಅನ್ನಬೇಡಿ. ಆವತ್ತು ನಾನು ನಾಟಕ ಆಡಿದ್ದು. ಅವಳಿಗೇನು ಗೊತ್ತು, ಇನ್ನೂ ಚಿಕ್ಕವಳು."

ಐದು ದಿನದ ಮೇಲೆ ಅವಳು ಆಡಿದ ಮೊದಲ ಮಾತು ನನ್ನನ್ನು ಉಳಿಸುವುದಕ್ಕೆ ಹೇಳಿದ ಸುಳ್ಳಾಗಿತ್ತು.

ಮೇಡಂ ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಮುಚ್ಚಿ, "ನೀವಿಬ್ರೂ ಸ್ವಲ್ಪ ಹೊರಗಿರಿ," ಎಂದರು.

"ನಾನೂನಾ ಮೇಡಂ?"

"ನೀನೂ."

ಕಾರಿಡಾರಿನ ಬೆಂಚಿನ ಮೇಲೆ ಅಪ್ಪ ಕೂತರು. ಯಾರೋ ನೆಲ ಒರೆಸಿ ಹೋಗಿದ್ದರು. ಫಿನಾಯಿಲಿನ ವಾಸನೆ ಇತ್ತು.

"ಒಳಗೆ ಏನು ಕೇಳ್ತಾರೆ?"

"ಸಾಯಬೇಕು ಅಂತ ಈಗಲೂ ಅನ್ಸುತ್ತಾ ಅಂತ ಕೇಳ್ತಾರೆ ಅಪ್ಪಾ."

ಅಪ್ಪ ತಲೆ ತಗ್ಗಿಸಿ ಎರಡೂ ಅಂಗೈ ನೋಡಿಕೊಂಡರು. "ನಾವು ಕೇಳಿದ್ರೆ ಹೇಳ್ತಿದ್ಲಾ?"

ನಾನು ಬಾಗಿಲ ಕಡೆ ನೋಡಿದೆ. ಬಾಗಿಲಿನ ಚೌಕ ಗಾಜಿನಾಚೆ ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ಮೇಡಂ ಮುಂದಕ್ಕೆ ಬಾಗಿ ಕೂತಿದ್ದರು, ಕೈಯಲ್ಲಿ ಹಾಳೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕನ ಭುಜ ಕುಲುಕತೊಡಗಿತು. ಆಮೇಲೆ ಅವಳು ಮಾತಾಡಿದಳು, ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿ, ತುಂಬ ಹೊತ್ತು. ಇಷ್ಟೊಂದು ಮಾತು ಅವಳೊಳಗೆ ಇತ್ತೇ ಎನ್ನುವಷ್ಟು ಹೊತ್ತು. ನನಗೆ ಏನೂ ಕೇಳಿಸಲಿಲ್ಲ.